ಏಳನೇ ಕೋಣೆಯ ಹತ್ತು ನಿಮಿಷ

ಮಾರ್ಚ್ ೧೧, ಮಂಗಳವಾರ
ಏಳನೇ ಕೋಣೆ, ಮಧ್ಯಾಹ್ನ

ನನ್ನ ಮುದ್ದು ತಂಗಿಗೆ,

ಅಕ್ಕನ ತುಂಬು ಪ್ರೀತಿ. ನಿನ್ನವರಿಗೂ ಪುಟ್ಟಿಗೂ ನನ್ನ ನೆನಪು ಹೇಳು. ನಾನು ಆರಾಮಾಗಿದ್ದೇನೆ, ಗಾಬರಿ ಬೀಳಬೇಡ. ಕಾಗದ ತಡವಾಯಿತೆಂದು ಬಯ್ಯಲೂ ಬೇಡ. ನಾನು ನುಂಗಿದ ಅಯೋಡಿನ್ ಔಷಧಿಯ ವಿಕಿರಣ ನನ್ನ ಬೆವರಿನಲ್ಲೂ ಇದೆಯಂತೆ. ಅದಕ್ಕೇ ನಾನು ಮುಟ್ಟಿದ್ದನ್ನೆಲ್ಲ ಸೀಸದ ಕಪಾಟಿನಲ್ಲಿಟ್ಟು, ವಿಕಿರಣ ಇಳಿದ ಮೇಲೆಯೇ ಹೊರಗೆ ಕಳಿಸುತ್ತಾರೆ. ಇದು ನಿನ್ನ ಕೈ ಸೇರುವಾಗ ಎರಡೂವರೆ ತಿಂಗಳಾಗಿರುತ್ತದೆ. ಅಷ್ಟರೊಳಗೆ ನಾನೇ ನಿನ್ನ ಮನೆಗೆ ಬಂದು ಎರಡು ಸಲ ಜಗಳ ಆಡಿ ಹೋಗಿರುತ್ತೇನೆ.

ಫೋನಿಗೆ ಪ್ಲಾಸ್ಟಿಕ್ ಸುತ್ತಿ ಕೊಟ್ಟಿದ್ದಾರೆ, ನಿಜ. ಆದರೆ ಎದುರಿಗೆ ಕೂತರೂ ಫೋನ್ ಹಿಡಿದರೂ ಬಾಯಿಗೆ ಬಾರದ ಮಾತೊಂದಿದೆ. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಪ್ರತಿ ವರ್ಷ ನೀನು ಕೇಳುತ್ತೀಯ, “ಅಕ್ಕಾ, ಅಮ್ಮ ಕೊನೆಗೆ ಏನಂದ್ಲು?” ಅಂತ. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಮಾತು ತಿರುಗಿಸುತ್ತೇನೆ. ಈ ಸಲ ಹೇಳಿಯೇ ಬಿಡೋಣವೆಂದು ಕೂತಿದ್ದೇನೆ. ಹೇಳುತ್ತೇನೋ ಇಲ್ಲವೋ, ನನಗೇ ನಂಬಿಕೆಯಿಲ್ಲ.

ಅಮ್ಮನಿಗೂ ಇದೇ ಥೈರಾಯ್ಡ್ ಕ್ಯಾನ್ಸರ್, ಇದೇ ವಾರ್ಡು, ಇದೇ ಔಷಧಿ. ಮೊದಲೇ ಸೋತಿದ್ದ ಹೃದಯ ಮೂರನೇ ದಿನ ನಿಂತುಹೋಯಿತು. ನಾನು ಇಪ್ಪತ್ತಾರು ವರ್ಷ ನರ್ಸಾಗಿದ್ದದ್ದೂ ಇಲ್ಲೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ಮಂಚದ ಮೇಲೆ ನಾನು.

ನಮ್ಮ ಕಾಲದಲ್ಲಿ ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್ ಸಿಕ್ಕಿಸಿಕೊಂಡು ಒಳಗೆ ಹೋಗುತ್ತಿದ್ದೆವು. ಒಬ್ಬ ನರ್ಸಿಗೆ, ಒಂದು ಕೋಣೆಗೆ, ದಿನಕ್ಕೆ ಹತ್ತೇ ನಿಮಿಷ. ಹತ್ತಾಯಿತೋ, ಹೊರಗಿದ್ದವಳು ಗಾಜು ತಟ್ಟುತ್ತಿದ್ದಳು: “ಹೊರಡೇ, ನಿನ್ ಟೈಮಾಯ್ತು!” ಈಗ ಆ ಕೆಲಸಕ್ಕೆ ಒಂದು ರೋಬೋ ಬಂದಿದೆ. ಸೊಂಟದೆತ್ತರ, ಬಿಳಿ ಮೈ, ನಾಲ್ಕು ಚಕ್ರ, ಹೊಟ್ಟೆಯಲ್ಲಿ ಊಟದ ತಟ್ಟೆ. ನರ್ಸುಗಳು ಅದಕ್ಕೆ ಡುಮ್ಮಿ ಎಂದು ಹೆಸರಿಟ್ಟಿದ್ದಾರೆ. ಡುಮ್ಮಿ ನೀರು ತರುತ್ತಾಳೆ, ಜ್ವರ ನೋಡುತ್ತಾಳೆ, ನನ್ನ ಮೈಯ ವಿಕಿರಣ ಎಷ್ಟು ಇಳಿಯಿತೆಂದು ಅಳೆಯುತ್ತಾಳೆ. ಆಮೇಲೆ “ಇನ್ನೇನಾದ್ರೂ ಬೇಕಾ?” ಎಂದು ಕೇಳಿ, ಬೇರೆ ಕೋಣೆಯಿಂದ ಕರೆ ಬರುವ ತನಕ ಅಲ್ಲೇ ನಿಂತಿರುತ್ತಾಳೆ.

ಮೊದಲ ದಿನ ಏನು ಮಾಡಿದೆ ಗೊತ್ತೇ? ಅವಳು ನಿಂತೇ ಇದ್ದಳು. ಗಡಿಯಾರ ನೋಡಿದೆ, ಹತ್ತು ನಿಮಿಷ ದಾಟಿತ್ತು. “ಏ ಹುಡುಗಿ, ಹೊರಡೇ! ಟೈಮಾಯ್ತು!” ಎಂದು ಕೂಗಿದೆ. ಕದಲಲಿಲ್ಲ. ನನ್ನ ಮೂಗಿನ ತುದಿಯ ಕೋಪ ನಿನಗೆ ಗೊತ್ತಲ್ಲ, ದಿಂಬು ತೆಗೆದು ಎಸೆದೆ. ನನ್ನ ಕೈಕೆಳಗೆ ಕೆಲಸ ಕಲಿತ ನರ್ಸೊಬ್ಬಳು ಹೊರಗೆ ಕ್ಯಾಮೆರಾದಲ್ಲಿ ಇದನ್ನೆಲ್ಲ ನೋಡುತ್ತಿದ್ದಳಂತೆ. ಗೋಡೆಯ ಸ್ಪೀಕರಿನಲ್ಲಿ ಬಿದ್ದು ಬಿದ್ದು ನಕ್ಕಳು. “ಅಕ್ಕಾ, ಮೆಷಿನ್ನಿಗೆ ಏನಾಗುತ್ತೆ? ನಿಂತ್ಕೊಳ್ಳಲಿ ಬಿಡಿ, ಪಾಪ!” ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನೂ ನಕ್ಕೆ. ಆಮೇಲೆ ಮುಸುಕು ಹೊದ್ದುಕೊಂಡು ತುಂಬ ಹೊತ್ತು ಅತ್ತೆ.

ಔಷಧಿ ಹಿಡಿಸಲೆಂದು ಥೈರಾಯ್ಡ್ ಮಾತ್ರೆ ನಿಲ್ಲಿಸಿ ತಿಂಗಳಾಯಿತು. ಕೈಕಾಲು ಭಾರ. ನಿದ್ದೆ ಎಲ್ಲಿ ಮುಗಿಯಿತು, ಎಚ್ಚರ ಎಲ್ಲಿ ಶುರುವಾಯಿತು, ಒಂದೂ ತಿಳಿಯುವುದಿಲ್ಲ. ಕಿಟಕಿಯ ಬಿಸಿಲು ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾಗಿಲ ಕಡೆ ನಡೆಯುತ್ತದೆ, ನಾನೂ ಅದರ ಹಿಂದೆ ಹೊರಟುಬಿಡುತ್ತೇನೆ. ನಿನ್ನೆ ನಾವಿಬ್ಬರೂ ಚಿಕ್ಕವರಾಗಿ ಒಂದೇ ಚಾದರದೊಳಗೆ ಟಾರ್ಚ್ ಹಿಡಿದು ಕೂತಿದ್ದೆವು. ನಿನ್ನ ಹಲ್ಲು ಬಿದ್ದಿತ್ತು. ಹೊರಗಿಂದ ಅಮ್ಮ, “ಯಾರದು ಒಳಗೆ? ಕಳ್ಳರೋ, ನನ್ ಮಕ್ಕಳೋ?” ಅಂದಳು. ಕಣ್ಣು ಬಿಟ್ಟರೆ ಡುಮ್ಮಿ “ನೀರು ಕುಡಿಯಿರಿ” ಅನ್ನುತ್ತಿದ್ದಳು. ಎಷ್ಟು ನಿರಾಸೆಯಾಯಿತೆಂದರೆ, ಕುಡಿಯುವುದಿಲ್ಲ ಹೋಗು ಎಂದು ಮುಖ ತಿರುಗಿಸಿದೆ.

ಈಗ ಅವಳನ್ನು ಓಡಿಸುವುದನ್ನು ಬಿಟ್ಟಿದ್ದೇನೆ. ಇವತ್ತು ಊಟವಾದ ಮೇಲೆ ತುಂಬ ಹೊತ್ತು ಪಕ್ಕದಲ್ಲೇ ನಿಂತಿದ್ದಳು. ಆ ಮಂಪರಿನಲ್ಲಿ ಮಲಗಿರುವವಳು ಅಮ್ಮ, ನಿಂತಿರುವವಳು ನಾನು ಅನ್ನಿಸಿತು. ಎಷ್ಟು ಚೆನ್ನಾಗಿ ನಿಂತಿದ್ದೇನೆ ಎಂದು ನನ್ನ ಮೇಲೆ ನನಗೇ ಪ್ರೀತಿ ಬಂತು. ಎಚ್ಚರವಾದಾಗ ಆದ ಸಂಕಟ ಹೇಳತೀರದು.

ಕೈ ಸೋಲುತ್ತಿದೆ. ನೋಡಿದೆಯಾ, ನೀನು ಕೇಳಿದ್ದೊಂದನ್ನು ಬಿಟ್ಟು ಊರೆಲ್ಲ ಸುತ್ತಿ ಬಂದೆ. ಪುಟ್ಟಿಯನ್ನು ಬಯ್ಯಬೇಡ, ಅವಳ ವಯಸ್ಸಿನಲ್ಲಿ ನೀನು ಅವಳಿಗಿಂತ ತರಲೆಯಾಗಿದ್ದೆ. ಮೂವರೂ ತಣ್ಣಗಿರಿ. ನನ್ನ ಆಯಸ್ಸಿನಲ್ಲಿ ಒಂದಿಷ್ಟು ನಿಮಗೂ ಸೇರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಅಮ್ಮ ನಿದ್ದೆಯಲ್ಲೇ ಹೋದಳು, ನಾನು ಕೈ ಹಿಡಿದುಕೊಂಡಿದ್ದೆ ಎಂದು ನಿನಗೆ ಹೇಳಿದ್ದೆ. ನೀನು ಬಾಣಂತಿ, ಹಸುಗೂಸು ಬಿಟ್ಟು ಬರಲಾಗದೆ ಅಳುತ್ತಿದ್ದವಳು, “ನೀನಿದ್ದೆಯಲ್ಲಕ್ಕಾ, ನಂಗದೇ ಸಮಾಧಾನ” ಎಂದಿದ್ದೆ. ಆ ಸಮಾಧಾನವನ್ನು ಇವತ್ತು ಕಿತ್ತುಕೊಳ್ಳುತ್ತಿದ್ದೇನೆ. ನಾನು ಗಾಜಿನ ಹೊರಗೆ ನಿಂತಿದ್ದೆ. ಅಮ್ಮ ಎದ್ದು ಕೂತು, “ಒಂಚೂರು ತಲೆ ಬಾಚ್ಕೊಡೇ, ಎಲ್ಲಾ ಸಿಕ್ಕಾಗಿದೆ” ಅಂದಳು. ಕೊನೆಗೆ ಅಂದದ್ದು ಅಷ್ಟೇ. “ಇವತ್ತಿನ ಟೈಮ್ ಮುಗೀತಮ್ಮಾ, ನಾಳೆ ಬರ್ತೀನಿ” ಎಂದೆ. ಮುಗಿದಿರಲಿಲ್ಲ ಕಣೇ. ಅವತ್ತು ನಾನು ಆ ಕೋಣೆಗೆ ಕಾಲೇ ಇಟ್ಟಿರಲಿಲ್ಲ, ಹತ್ತು ನಿಮಿಷವೂ ಹಾಗೇ ಇತ್ತು. ಆ ವಾರ ನನ್ನ ಬ್ಯಾಡ್ಜಿನ ಅಂಕಿ ಜಾಸ್ತಿ ಬಂದಿತ್ತು, ಹೆದರಿದೆ. ಅಮ್ಮ ಬೆರಳಿನಿಂದಲೇ ಸಿಕ್ಕು ಬಿಡಿಸಿಕೊಳ್ಳುತ್ತಾ ಕೂತಳು. ಸಂಜೆ ಹೋಗಿ ನೋಡಿದಾಗ ಬೆರಳು ಇನ್ನೂ ಕೂದಲಲ್ಲೇ ಇತ್ತು.