ಗಡಿಯಾರ ಹೊತ್ತ ಅಳಿಯ

ಯೂನಿಯನ್ ಸಿಟಿ, ಅಮೆರಿಕ
೯ ನವೆಂಬರ್ ೧೯೮೬, ಭಾನುವಾರ

ಚಿ. ಸೌ. ಜಲಜಾಗೆ,

ಆಮೇಲೆ, ಆ ಗಡಿಯಾರದ ಸಿನಿಮಾ ಇತ್ತಲ್ಲ, ನಿಮ್ಮಕ್ಕ ಸತ್ಯವತಿ ನಿನಗೆ ನೂರು ಸಲ ಹೇಳಿದ್ದು, ಅದನ್ನು ನಿನ್ನೆ ಮತ್ತೆ ನೋಡಿದೆ. ಇರು, ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. "ಅಕ್ಕ ಹೋಗುವ ಮುಂಚೆ ನನ್ನನ್ನು ಕೇಳಿದಳಾ, ಭಾವ?" ಎಂದು ನೀನು ಬರೆದಿದ್ದೆ. ಮಂಡಿನೋವು, ನೆಗಡಿ ಎಂದು ನೆವ ಹೇಳಬಹುದು. ನಿಜವೆಂದರೆ ಆ ಸಾಲಿಗೆ ಬಂದಾಗಲೆಲ್ಲ ಪೆನ್ನಿನ ಮುಚ್ಚಳ ಹಾಕಿಬಿಡುತ್ತಿದ್ದೆ.

ಇಲ್ಲಿನ ಲೈಬ್ರರಿಯಲ್ಲಿ ಶನಿವಾರ ಹಳೆಯ ಕಾಮಿಡಿ ರೀಲು ಹಾಕುತ್ತಾರೆ. ಮೊಮ್ಮಗಳು ಸುಗುಣಾ ಎಳೆದುಕೊಂಡು ಹೋದಳು. ಟಾಕಿ ಹೊಸದಾಗಿ ಬಂದ ಕಾಲದ ಇಪ್ಪತ್ತು ನಿಮಿಷದ ಚಿತ್ರ. ಹೆಸರು ಇಲ್ಲಿಯವರಿಗೇ ನೆನಪಿಲ್ಲ. ದಪ್ಪನೆಯವನೊಬ್ಬ ಆಳೆತ್ತರದ ಗಡಿಯಾರ ಹೊತ್ತು ಮೆಟ್ಟಿಲಿಳಿಯುತ್ತಾನೆ, ಮೀಸೆಯವನೊಬ್ಬ ಹಿಂದಿನಿಂದ ಆನಿಸಿ ಹಿಡಿಯುತ್ತಾನೆ. ಮದುವೆಯಾದ ವರ್ಷ ಮೈಸೂರಿನಲ್ಲಿ ನಾವಿಬ್ಬರೂ ನೋಡಿದ್ದು ಇದನ್ನೇ.

ಅವತ್ತು "ಏನಂತೆ? ಏನಂತ್ರೀ?" ಎಂದು ಸತ್ಯ ತಿವಿಯುತ್ತಿದ್ದಳು. ನಾನೋ ಇಂಟರ್‌ಮೀಡಿಯಟ್. ಇಂಗ್ಲಿಷ್ ವ್ಯಾಕರಣದ ಪ್ಯಾಸಿವ್ ವಾಯ್ಸು ಗೊತ್ತು. ಆ ಅಮೆರಿಕದ ಮೂಗಿನ ಮಾತು ಒಂದಕ್ಷರ ತಿಳಿಯಲಿಲ್ಲ. ಹೊಸ ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? "ಮಾವ ಅಳಿಯನಿಗೆ ಗಡಿಯಾರ ಕೊಟ್ಟು ಕಳಿಸ್ತಿದಾನೆ" ಎಂದುಬಿಟ್ಟೆ. ಅವಳು ನಕ್ಕು ನಕ್ಕು, "ನಮ್ಮಪ್ಪ ನಿಮಗೆ ಕೈಗಡಿಯಾರಾನೂ ಕೊಡಲಿಲ್ಲ, ಪಾಪ!" ಎಂದಳು.

ಸುಗುಣಾಗೂ ನಿನ್ನೆ ಅದನ್ನೇ ಹೇಳಿದೆ. "ನೋ ತಾತ! ಅದು ಮೀಸೆಯವನ ಕ್ಲಾಕು. ಹಿ ಈಸ್ ಹೆಲ್ಪಿಂಗ್ ದ ಥೀಫ್!" ಎಂದಳು.

"ಹಾಗಾದ್ರೆ ನಿಮ್ಮಜ್ಜಿಗೆ ಸುಳ್ಳು ಹೇಳಿದ ಹಾಗಾಯ್ತಲ್ಲೇ."

"ಅಜ್ಜಿ ನ್ಯೂ ಇಟ್. ಶಿ ಸೆಡ್, 'ತಾತ ಸುಮ್ನೆ ಹೇಳ್ತಾರೆ, ನಂಗೊತ್ತು, ಕೇಳಕ್ಕೆ ಚೆನ್ನಾಗಿರತ್ತೆ.'"

ಐವತ್ತು ವರ್ಷ, ಜಲಜಾ. ಮಕ್ಕಳಿಗೆ, ನಿನಗೆ, ಬಂದ ನೆಂಟರಿಗೆಲ್ಲ ಆ ಕಥೆ ಹೇಳಿ ನಗುತ್ತಿದ್ದವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಲೈಬ್ರರಿಯಲ್ಲಿ ಸುತ್ತಲೂ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನಾನು ಎದ್ದು ಹೊರಗೆ ಬಂದು ಕಾರಿನ ಬಳಿ ನಿಂತೆ. ಇವತ್ತು ಮಧ್ಯಾಹ್ನದಿಂದ ನಿನಗೆ ಬರೆಯುತ್ತಾ ಕುಳಿತಿದ್ದೇನೆ, ಬರೆಯಬೇಕಾದದ್ದು ಇನ್ನೂ ಬರೆದಿಲ್ಲ. ಕಿಟಕಿಯ ಬೆಳಕು ಇಳಿಯುತ್ತಿದೆ, ಸಾಲಿನ ಮೇಲೆ ಸಾಲು ಹತ್ತುತ್ತಿದೆ. ಸಾಕುಮಾಡುತ್ತೇನೆ.

ನೀನೂ ಮನೆಯವರೂ ನೂರ್ಕಾಲ ಸುಖವಾಗಿರಿ.

ನಿನ್ನ ಭಾವ,
ಶೇಷಾದ್ರಿ

ತಾ. ಕ.: ಕೇಳಿದಳು. ಆಸ್ಪತ್ರೆಯಲ್ಲಿ ಡಾಕ್ಟರು ನಿಧಾನವಾಗಿ ಹೇಳಿದರು, ಪ್ರತಿ ಪದವೂ ನನಗೆ ತಿಳಿಯಿತು: ಎರಡು ವಾರ. "ಏನಂತೆ?" ಎಂದಳು. "ಯುಗಾದಿ ಹೊತ್ತಿಗೆ ಮನೆಗೆ ಹೋಗಬಹುದಂತೆ" ಎಂದೆ. ನನ್ನ ಮುಖವನ್ನೇ ನೋಡಿ, "ಹಾಗಾದ್ರೆ ಇವತ್ತೇ ಜಲಜಾಗೆ ಫೋನು ಮಾಡಿ ಕೊಡಿ" ಎಂದಳು. "ಸುಮ್ಮನೆ ಯಾಕೆ ಗಾಬರಿಪಡಿಸೋದು, ಮನೆಗೆ ಬಂದ್ಮೇಲೆ ಮಾತಾಡುವೆಯಂತೆ" ಎಂದೆ. ಮಾರನೆಯ ದಿನವೂ ಕೇಳಿದಳು. ಮೂರನೆಯ ದಿನ ಕೇಳಲಿಲ್ಲ.