ಹುಬ್ಬಿನ ಪಂಡಿತ

ನುನಾವುಟ್, ಕೆನಡಾ
ಮಾರ್ಚ್ 9

ಪ್ರೀತಿಯ ಲೂರ್ದೆಸ್ ಅಕ್ಕ,

ನಮ್ಮ ಪದ್ಧತಿಯಂತೆ ನಿನ್ನ ಕೈಯನ್ನು ಹಣೆಗೊತ್ತಿಕೊಂಡು ನಮಸ್ಕರಿಸಿ ನಿನ್ನ ತಮ್ಮ ಅಪರಾಧವೊಂದನ್ನು ಒಪ್ಪಿಕೊಳ್ಳುತ್ತಿದ್ದಾನೆ. ಹೆಣ್ಣಿನ ಮನೆಯವರಿಗೆ ಕೊಡೆಂದು ನಮ್ಮೂರು ಇಲೊಯ್ಲೊದಿಂದ ನೀನು ಕಳಿಸಿದ ಒಣಮೀನಿನಲ್ಲಿ ಅರ್ಧವನ್ನು ವರನೇ ತಿಂದುಬಿಟ್ಟಿದ್ದಾನೆ. ಶಾಲೆಯ ಇಡೀ ಕಾರಿಡಾರ್ ಇದಕ್ಕೆ ಸಾಕ್ಷಿ. ವಾಸನೆ ಇನ್ನೂ ಹೋಗಿಲ್ಲ. ಪತ್ರ ತಡವಾದದ್ದು ಮಾತ್ರ ನನ್ನ ತಪ್ಪಲ್ಲ. ಹಿಮಗಾಳಿಗೆ ವಿಮಾನವೇ ಇಳಿಯಲಿಲ್ಲ.

ಈಗ ನನ್ನ ಪ್ರತಾಪ ಕೇಳು. ನನ್ನ ತರಗತಿಯಲ್ಲಿ ನಿವಿ ಎಂಬ, ಇಲ್ಲಿನ ಮೂಲನಿವಾಸಿ ಇನ್ಯುಯಿಟ್ ಹುಡುಗಿಯಿದ್ದಾಳೆ. ಅವಳನ್ನು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಿಸಬೇಕೆಂದು ಟೊರಾಂಟೊದಿಂದ ಹೊಸದಾಗಿ ಬಂದ ಹೆಡ್‌ಮಾಸ್ಟರ್ ಹಾರ್ಗ್ರೀವ್ ಹಟ ಹಿಡಿದಿದ್ದರು. "ಏನು ಕೇಳಿದರೂ ಬಾಯಿ ಬಿಡಲ್ಲ ಕಣ್ರೀ," ಎಂಬುದು ಅವರ ದೂರು. "ಗೆಳತಿಯರು ಮುಂದಕ್ಕೆ ಹೋದ್ರೆ ನಾನು ಸ್ಕೂಲಿಗೇ ಬರಲ್ಲ," ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದ್ದಳು.

ಸೋಮವಾರ ಹೆಡ್‌ಮಾಸ್ಟರೇ ಅವಳನ್ನು ಪರೀಕ್ಷಿಸಲು ಬಂದರು.

"ಸೀಲು ಉಸಿರಾಡೋಕೆ ನೀರಿನ ಮೇಲೆ ಬರುತ್ತಾ?" ಮೌನ. "ಮಂಜುಗಡ್ಡೆ ತೇಲುತ್ತಾ?" ಮೌನ.

"ನೋಡಿದ್ರಾ?" ಎಂದು ನನ್ನತ್ತ ತಿರುಗಿದರು.

"ನಾನು ನೋಡಿದೆ ಸಾರ್, ನೀವೇ ನೋಡಲಿಲ್ಲ. ಎರಡಕ್ಕೂ ಸರಿಯಾಗಿ ಉತ್ತರ ಕೊಟ್ಟಳು."

"ಎಲ್ಲಿ?"

"ಹುಬ್ಬಲ್ಲಿ."

ಅಮ್ಮ "ಊಟ ಆಯ್ತೇನ್ರೋ" ಎಂದಾಗ ನಾವು ಬಾಯಿ ನೋಯಿಸದೆ ಹುಬ್ಬು ಹಾರಿಸುತ್ತಿದ್ದೆವಲ್ಲ, ಇಲ್ಲಿಯೂ "ಹೌದು" ಎಂದರೆ ಅಷ್ಟೇ. ಇನ್ಯುಯಿಟರ ಭಾಷೆ ಕಲಿಸುವ ಪಿಟ್ಸಿಯುಲಾಕ್, ಅಂದರೆ ನಿನ್ನ ಭಾವೀ ನಾದಿನಿ, ಪಕ್ಕದಲ್ಲೇ ಇದ್ದಳು. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಹೆಡ್‌ಮಾಸ್ಟರು ಕೇಳಿದರೆ, "ಹುಬ್ಬು ಎಲ್ಲರಿಗೂ ಇದೆಯಲ್ಲ ಸಾರ್. ಉಸಿರಾಡೋದನ್ನೂ ಹೇಳ್ಕೊಡಬೇಕಾ?" ಎಂದಳು.

ಅವರಿಗೂ ಹುರುಪು ಬಂತು. "ಸರಿ ನಿವಿ, ನಾನು ಒಳ್ಳೆ ಮೇಷ್ಟ್ರಾ?"

ನಿವಿ ಮೂಗು ಸುಕ್ಕಿಸಿದಳು. ತರಗತಿ ಬಿದ್ದು ಬಿದ್ದು ನಕ್ಕಿತು.

"ನನ್ನ ಡಬ್ಬಿಯ ಒಣಮೀನಿನ ವಾಸನೆ ಸಾರ್, ನೀವು ಬೇಜಾರು ಮಾಡ್ಕೋಬೇಡಿ," ಎಂದು ನಾನು ಸಮಾಧಾನಪಡಿಸಿದೆ. ನಗು ಇನ್ನೂ ಜೋರಾಯಿತು.

ನಿವಿ ಪಾಸು. ಅವಳ ಅಜ್ಜಿ ನನಗೆ ತೋಳುದ್ದದ ಹೆಪ್ಪುಗಟ್ಟಿದ ಮೀನು ಕೊಟ್ಟುಹೋದಳು. ಹಾರ್ಗ್ರೀವ್ ಈಗ ಕಾರಿಡಾರಿನಲ್ಲಿ ಎದುರಾದ ಮಕ್ಕಳಿಗೆಲ್ಲ ಹುಬ್ಬು ಹಾರಿಸುತ್ತಾರೆ; ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಚ್ಚಿಬಿದ್ದವರಂತೆ ಕಾಣುತ್ತಾರೆ. ಮಕ್ಕಳು ತಿರುಗಿ ಹಾರಿಸಿ, ಅವರ ಹಿಂದೆಯೇ ಓಡುತ್ತವೆ. ಅಂತೂ ಅಕ್ಕ, ಈ ಊರಿನಲ್ಲಿ ನಿನ್ನ ತಮ್ಮ ಓದಲಾರದ ಮುಖವೇ ಇಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನದು ನನಗಿರಲಿ, ಈ ಸಲ ತುಸು ಹೆಚ್ಚೇ ಬೇಕು.

ನಿನ್ನ
ರೊದೆಲ್ಯೊ

ಮರೆತಿದ್ದೆ: ಮದುವೆಯ ಅಂಗಿ ಹೊಲಿಸಬೇಡ. "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದಾಗಲೆಲ್ಲ ಪಿಟ್ಸಿಯುಲಾಕ್ ಮೂಗು ಸುಕ್ಕಿಸುತ್ತಿದ್ದಳು. ನಾಚಿಕೆ ಎಂದುಕೊಂಡು ನಿನಗೆ ಶುಭಸುದ್ದಿ ಬರೆದೆ. ಆಮೇಲೆ ಮೀನಿನ ವಾಸನೆಯಿರಬಹುದೆಂದು ಡಬ್ಬಿ ಉಜ್ಜಿ ತೊಳೆದು ಇನ್ನೊಮ್ಮೆ ಕೇಳಿದೆ. ನಿನ್ನೆ ನಿವಿಯೇ ಕನಿಕರಪಟ್ಟು ಹೇಳಿದಳು: "ಸಾರ್, ಹುಬ್ಬು ಎತ್ತಿದ್ರೆ ಹೌದು, ಮೂಗು ಸುಕ್ಕಿಸಿದ್ರೆ ಇಲ್ಲ. ಇಷ್ಟೂ ಗೊತ್ತಿಲ್ವಾ? ನಿಮ್ಮನ್ನೇ ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸ್ಬೇಕು."