ಸೌಮ್ಯ ತಳಿಯಿಂದ ಸತ್ತವಳ ಹೃದಯ ಕೇಳಿದ ಅಧಿಕಾರಿಗೆ

ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಗುಣವತಿಯನ್ನು ನಾವು ಸುಟ್ಟಿಲ್ಲ. ಮೊದಲು ಈ ಒಂದು ಸಾಲನ್ನು ನಿಮ್ಮ ಕಡತದಲ್ಲಿ ಸರಿಪಡಿಸಿಕೊಳ್ಳಿ, ಮಿಕ್ಕ ಜಗಳ ಆಮೇಲೆ ಆಡೋಣ. ಛತ್ರಪತಿ ಸಂಭಾಜಿನಗರದ ನಿಮ್ಮ ಅಪರೂಪ ರೋಗಗಳ ವಿಭಾಗದಿಂದ ನಾಶಿಕದ ನನ್ನ ಮನೆಗೆ ಕಳೆದ ವಾರ ಬಂದ ಪತ್ರದಲ್ಲಿ ಹೀಗಿದೆ: “ರೋಗಿಯ ದೇಹವನ್ನು ದಹನ ಮಾಡಿರುವುದರಿಂದ ಹೃದಯದ ಮಾಂಸಖಂಡದ ಮಾದರಿ ಲಭ್ಯವಿಲ್ಲ. ಆದ್ದರಿಂದ ಪರಾವಲಂಬಿಯ ತಳಿಯನ್ನು ದೃಢಪಡಿಸಲಾಗದು. ಆದ್ದರಿಂದ ಮಗಳ ಔಷಧಿಯ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.” ಎರಡು ‘ಆದ್ದರಿಂದ’ಗಳಲ್ಲಿ ನನ್ನ ಇಪ್ಪತ್ತು ವರ್ಷದ ಮಗಳನ್ನು ಮುಗಿಸಿಬಿಟ್ಟಿರಿ. ಕೆಳಗೆ ಹಸಿರು ಶಾಯಿಯಲ್ಲಿ ನಿಮ್ಮದೇ ಸಹಿ ಇದೆ.

ಇದನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿರುವುದಕ್ಕೆ ಕಾರಣವಿದೆ. ಮರಾಠಿಯಲ್ಲಿ ಹನ್ನೊಂದು ಅರ್ಜಿ ಕೊಟ್ಟೆ, ಇಂಗ್ಲಿಷಿನಲ್ಲಿ ಎರಡು. ಯಾವುದನ್ನೂ ನೀವು ಓದಿದ ಗುರುತಿಲ್ಲ. ಕನ್ನಡ ಮಾತ್ರ ನಿಮಗೆ ತಪ್ಪಿಸಿಕೊಳ್ಳಲು ಆಗದ ಭಾಷೆ. ನೀವು ಹುಮನಾಬಾದಿನ ಕಡೆಯವರು, ನಾನು ಭಾಲ್ಕಿಯವನು. ಮೊದಲ ಸಲ ನಿಮ್ಮ ಕೋಣೆಗೆ ಬಂದಾಗ ನಿಮ್ಮ ಹಣೆಯ ವಿಭೂತಿ ನೋಡಿ ಗುಣವತಿ ನನ್ನ ಕೈ ಹಿಸುಕಿ, “ನಮ್ಮವರೇ ಇದ್ದಾರ ರೀ, ಇನ್ನ ಚಿಂತಿಲ್ಲ” ಅಂದಿದ್ದಳು. ಎರಡನೆಯ ಸಲ ಬರುವಾಗ ಹೋಳಿಗೆ ಕಟ್ಟಿಕೊಂಡು ಬಂದಳು. ನೀವು ಅದನ್ನು ತಿಂದಿರಿ, ಚೆನ್ನಾಗಿದೆ ಅಂತಲೂ ಹೇಳಿದಿರಿ. ನಿಮ್ಮ ಕೈಯಿಂದ ನಮಗೆ ತಡವಿಲ್ಲದೆ ಸಿಕ್ಕ ಒಪ್ಪಿಗೆ ಅದೊಂದೇ.

ಓದುಗರಿಗೆ ತಿಳಿಯಲಿ ಎಂದು ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ನಾನು ನಾಶಿಕದ ಹತ್ತಿರದ ಸಿನ್ನರದ ಒಂದು ಯಂತ್ರದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಈಗ ಫೋರ್‌ಮನ್ ಆಗಿದ್ದೇನೆ. ಇಪ್ಪತ್ತೆರಡು ವರ್ಷದ ಹಿಂದೆ ಕಂಪನಿ ನನ್ನನ್ನು ಬೊಲಿವಿಯಾ ದೇಶಕ್ಕೆ ಕಳಿಸಿತು. ಅಲ್ಲಿನ ಒಂದು ಸಕ್ಕರೆ ಕಾರ್ಖಾನೆಗೆ ಗಾಣದ ರೋಲರ್ ಜೋಡಿಸುವ ಕೆಲಸ, ಮೂರು ವರ್ಷ. ಹೊಸದಾಗಿ ಮದುವೆಯಾದ ಗುಣವತಿಯೂ ಬಂದಳು. ಮಗಳು ಮಂಜುಶ್ರೀ ಹುಟ್ಟಿದ್ದು ಅಲ್ಲೇ. ಮನೆ ಮಣ್ಣಿನ ಗೋಡೆಯದು, ಮೇಲೆ ಹುಲ್ಲಿನ ಚಾವಣಿ. ಬೆಳಿಗ್ಗೆ ಹಾಸಿಗೆ ಮಡಚುವಾಗ ಅದರ ಕೆಳಗೆ ಬೆರಳ ಗೆಣ್ಣಿನಷ್ಟು ಉದ್ದದ ಕಂದು ತಿಗಣೆಗಳು ರಕ್ತ ಕುಡಿದು ಉಬ್ಬಿ ಬಿದ್ದಿರುತ್ತಿದ್ದವು. ಪಕ್ಕದ ಮನೆಯ ಮುದುಕಿ ಅವುಗಳನ್ನು ಕಂಡರೆ ಚಪ್ಪಲಿ ತೆಗೆದು ಬಡಿಯುತ್ತಿದ್ದಳು, ನೀನೂ ಬಡಿ ಎಂದು ಸನ್ನೆ ಮಾಡಿ ತೋರಿಸುತ್ತಿದ್ದಳು. ಗುಣವತಿ ಬಡಿಯಬೇಕಲ್ಲ! ಇರುವೆಗೆ ಸಕ್ಕರೆ ಹಾಕುವ ಮನೆಯಲ್ಲಿ ಬೆಳೆದವಳು. “ಜೀವ ಅದ ರೀ ಅದಕ್ಕ. ಯಾಕ ಕೊಲ್ಲಬೇಕು? ಹೊರಗ ಬಿಟ್ರ ಆಯ್ತು” ಎಂದು ಕಾಗದದ ಮೇಲೆ ಎತ್ತಿಕೊಂಡು ಹೋಗಿ ಗೋಡೆಯಾಚೆ ಬಿಡುತ್ತಿದ್ದಳು. ಗೋಡೆಯಲ್ಲಿ ಬಿರುಕಿತ್ತು. ಅವು ಸಂಜೆಯೊಳಗೆ ವಾಪಸು ಬರುತ್ತಿದ್ದವು. ನಾನೂ ನಗುತ್ತಿದ್ದೆ, ನಿನ್ನ ನೆಂಟರು ಬಂದರು ನೋಡು ಎಂದು. ಆ ನಗು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆ ತಿಗಣೆಯ ಹೇಲಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವಿ ಇರುತ್ತದೆ. ತಿಗಣೆ ಕಚ್ಚಿದ ಜಾಗವನ್ನು ನಾವು ಕೆರೆದುಕೊಂಡಾಗ ಆ ಜೀವಿ ಒಳಗೆ ಹೋಗುತ್ತದೆ. ಅದು ತರುವ ರೋಗಕ್ಕೆ ಚಾಗಸ್ ಎಂದು ಹೆಸರು. ಒಳಹೊಕ್ಕ ಜೀವಿ ಹೃದಯದ ಮಾಂಸದಲ್ಲಿ ಮನೆ ಮಾಡಿ ಇಪ್ಪತ್ತು ಮೂವತ್ತು ವರ್ಷ ಸುಮ್ಮನೆ ಇರಬಲ್ಲದು. ಅದು ಮೈಹೊಕ್ಕ ಮೂವರಲ್ಲಿ ಸುಮಾರು ಒಬ್ಬರಿಗೆ ಮುಂದೆ ಹೃದಯವೋ ಕರುಳೋ ಕೆಡುತ್ತದೆ, ಉಳಿದವರಿಗೆ ಏನೂ ಆಗದೆಯೂ ಇರಬಹುದು. ತಾಯಿಯ ಹೊಟ್ಟೆಯಿಂದಲೇ ಮಗುವಿಗೆ ದಾಟಬಲ್ಲದು. ಇದನ್ನೆಲ್ಲ ನನಗೆ ಕಲಿಸಿದವರು ನಾಶಿಕದ ಡಾ. ಶ್ರೀನಿಧಿ, ಉಡುಪಿ ಕಡೆಯ ಹೋಟೆಲಿನವರ ಮಗಳು. ಗುಣವತಿ ಮೆಟ್ಟಿಲು ಹತ್ತುವಾಗ ಮೂರ್ಛೆ ಹೋಗತೊಡಗಿದ ಮೇಲೆ ನಾಲ್ಕು ಜನ ವೈದ್ಯರಿಗೆ ತೋರಿಸಿದ್ದೆ. ಒಬ್ಬರು ಗ್ಯಾಸ್ ಅಂದರು, ಒಬ್ಬರು ಮುಟ್ಟು ನಿಲ್ಲುವ ವಯಸ್ಸು ಅಂದರು. ಹೃದಯದ ಚಿತ್ರ ನೋಡಿ, “ಅಮ್ಮಾ, ನೀವು ಹಿಂದೆ ಎಲ್ಲೆಲ್ಲಿ ಇದ್ರಿ?” ಎಂದು ಕೇಳಿದವರು ಈ ಹುಡುಗಿ ಒಬ್ಬರೇ. ರಕ್ತ ಪರೀಕ್ಷೆ ಮಾಡಿಸಿದರು. ತಾಯಿಗೂ ಇತ್ತು, ಮಗಳಿಗೂ ಇತ್ತು. ಅದೇ ಹಾಸಿಗೆಯಲ್ಲಿ ಮೂರು ವರ್ಷ ಮಲಗಿದ್ದ ನನಗೆ ಇರಲಿಲ್ಲ. ಇದಕ್ಕೆ ಏನು ನ್ಯಾಯ ಹೇಳುತ್ತೀರಿ?

ಇದರ ಗುಳಿಗೆ ನಮ್ಮಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಹೊರದೇಶದಿಂದ ತರಿಸಬೇಕು, ಅದಕ್ಕೆ ನಿಮ್ಮ ವಿಭಾಗದ ಶಿಫಾರಸು ಪತ್ರ ಬೇಕು. ಒಂದು ಹಾಳೆ, ಒಂದು ಸಹಿ. ತಾಯಿ ಮಗಳು ಇಬ್ಬರ ಅರ್ಜಿಯನ್ನೂ ಒಟ್ಟಿಗೆ ಕೊಟ್ಟೆವು. ನಿಮ್ಮ ಮೊದಲ ಉತ್ತರ: “ಈ ರೋಗ ಭಾರತದಲ್ಲಿ ಇಲ್ಲ.” ಎಂಥ ಸಂತೋಷದ ಸುದ್ದಿ! ಗುಣವತಿಗೆ ಓದಿ ಹೇಳಿದೆ. ಅವಳು ನಕ್ಕು, “ಹಂಗಂದ್ರ ನಾ ಇನ್ನೂ ಬೊಲಿವಿಯಾದಾಗೇ ಇದ್ದೀನೇನೋ” ಅಂದಳು. ಆಮೇಲೆ ಶುರುವಾಯಿತು ನಮ್ಮ ಯಾತ್ರೆ. ಬೆಳಿಗ್ಗೆ ಆರರ ಬಸ್ಸು, ಯೇವಲಾ, ವೈಜಾಪುರ, ಗಂಗಾಪುರದ ಹತ್ತಿರ ಬರುವಷ್ಟರಲ್ಲಿ ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ಕಿಟಕಿಗೆ ಹಣೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ರೋಗಿಯನ್ನು ಖುದ್ದು ಕರೆತರಬೇಕು ಎಂಬುದು ನಿಮ್ಮ ನಿಯಮ. ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಎಂಟು ತಿಂಗಳಲ್ಲಿ ಒಂಬತ್ತು ದಿನ ಕೂತಳು. ನಿಮ್ಮ ಕಚೇರಿಯ ಜವಾನ ಮಹಿಬೂಬ, ಆಳಂದದವನು, ಪ್ರತಿ ಸಲ ನೀರು ತಂದುಕೊಟ್ಟು, “ಕುಂದರ್ರಿ ಅಕ್ಕಾ, ಸಾಹೇಬ್ರ ಮೀಟಿಂಗ್ ನಡೀಲತ್ತದ” ಅನ್ನುತ್ತಿದ್ದ. ಆ ಕಟ್ಟಡದಲ್ಲಿ ಅವಳನ್ನು ಮನುಷ್ಯಳಂತೆ ಮಾತಾಡಿಸಿದವನು ಅವನೊಬ್ಬನೇ.

ನಿಮ್ಮ ಪಾಂಡಿತ್ಯ ಹೊರಬಿದ್ದದ್ದು ಐದನೆಯ ಸಲ. ಈ ಜೀವಿಯಲ್ಲಿ ಆರೇಳು ಮುಖ್ಯ ತಳಿಗಳಿವೆಯಂತೆ. ಡಾ. ಶ್ರೀನಿಧಿ ಪರಿಚಯದವರ ಮೂಲಕ ಹೊರದೇಶದ ಒಂದು ಪ್ರಯೋಗಾಲಯಕ್ಕೆ ಗುಣವತಿಯ ರಕ್ತ ಕಳಿಸಿ, ತಳಿ ಯಾವುದೆಂಬ ವರದಿ ತರಿಸಿದ್ದರು. ನೀವು ಆ ವರದಿ ನೋಡಿದಿರಿ, ಮೊಬೈಲಿನಲ್ಲಿ ಏನೋ ಹುಡುಕಿದಿರಿ, ಮುಖ ಅರಳಿತು. “ಯಾಕ್ ಅಂಜ್ತೀರಿ? ಇದು ಸೌಮ್ಯ ತಳಿ ಅದರೀ. ನಸೀಬ್ ಛಲೋ ಅದ ನಿಮ್ದು. ಗಡಿಬಿಡಿ ಬ್ಯಾಡ” ಅಂದಿರಿ. ಅದನ್ನೇ ಕಡತದಲ್ಲಿ ಬರೆದಿರಿ: ಸೌಮ್ಯ ತಳಿ, ತುರ್ತು ಇಲ್ಲ. ಮಗಳ ಅರ್ಜಿಯನ್ನೂ ತಾಯಿಯ ಕಡತಕ್ಕೆ ದಾರ ಹಾಕಿ ಕಟ್ಟಿಸಿದಿರಿ. ಗುಣವತಿ ನಿಮಗೆ ಕೈ ಮುಗಿದಳು. ಹೊರಗೆ ಬಂದು ಬೆಂಚು ಹಿಡಿದುಕೊಂಡು ನಿಂತು, “ಕೇಳಿದ್ರಿಲ್ಲ, ಸೌಮ್ಯ ಅದಂತ” ಎಂದು ನನಗೆ ಧೈರ್ಯ ಹೇಳಿದಳು, ಎರಡು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದವಳು.

ನೀವು ಓದಿದ ಆ ಸಂಶೋಧನೆಯನ್ನು ಆಮೇಲೆ ನಾನೂ ಓದಿಸಿಕೊಂಡೆ. ಡಾ. ಶ್ರೀನಿಧಿ ಸಾಲು ಸಾಲು ಅರ್ಥ ಹೇಳಿದರು. ಬೇರೆ ಯಾವುದೋ ದೇಶದ ಕೆಲವೇ ರೋಗಿಗಳನ್ನು ನೋಡಿ, ಈ ತಳಿಯವರಲ್ಲಿ ಹೃದಯ ಕೆಟ್ಟವರು ಸ್ವಲ್ಪ ಕಡಿಮೆ ಕಂಡರು ಎಂದು ಬರೆದಿದ್ದಾರೆ. ಕೊನೆಯ ಪುಟದಲ್ಲಿ, ಇದರಿಂದ ಒಬ್ಬೊಬ್ಬ ರೋಗಿಯ ಹಣೆಬರಹ ಹೇಳಲಾಗದು ಎಂದೂ ಬರೆದಿದ್ದಾರೆ. ಬೇರೆಡೆ ಇದೇ ತಳಿಯಿಂದ ಹೃದಯ ಹಾಳಾದವರು ಬೇಕಾದಷ್ಟು ಜನ ಇದ್ದಾರೆ. ಒಂದೇ ಮೈಯಲ್ಲಿ ಎರಡು ತಳಿ ಇರಬಹುದು, ರಕ್ತದಲ್ಲಿ ಒಂದು ಸಿಕ್ಕರೆ ಹೃದಯದಲ್ಲಿ ಇನ್ನೊಂದು ಕೂತಿರಬಹುದು. ತಳಿಗೂ ರೋಗದ ಉಗ್ರತೆಗೂ ಏನೋ ನಂಟಿದೆ, ಎಷ್ಟು ಎಂದು ಪಂಡಿತರೇ ಇನ್ನೂ ಬಡಿದಾಡುತ್ತಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ನನಗೆ ಇಷ್ಟು ತಿಳಿಯಿತು. ಒಂದೇ ಪೆಟ್ಟಿಗೆಯ ಎರಡು ಬೇರಿಂಗಿನಲ್ಲಿ ಒಂದು ಹತ್ತು ವರ್ಷ ಬಾಳುತ್ತದೆ, ಇನ್ನೊಂದು ಆರು ತಿಂಗಳಿಗೆ ಪುಡಿಯಾಗುತ್ತದೆ. ಶಾಫ್ಟು ಅಲುಗುತ್ತಿರುವಾಗ ನಮ್ಮ ಕಾರ್ಖಾನೆಯ ಯಾವ ಹೆಲ್ಪರನೂ ಪೆಟ್ಟಿಗೆಯ ಮೇಲಿನ ನಂಬರು ಓದಿ ‘ತುರ್ತು ಇಲ್ಲ’ ಅನ್ನುವುದಿಲ್ಲ. ನಿಮ್ಮ ಎದುರಿಗೆ ಉಸಿರಿಗೆ ಒದ್ದಾಡುವ ಹೆಂಗಸು ಕೂತಿದ್ದಳಲ್ಲ ಸ್ವಾಮಿ, ಅವಳ ಮುಖಕ್ಕಿಂತ ಮೊಬೈಲಿನ ಪುಟ ದೊಡ್ಡದಾಯಿತೆ? ಅದೂ ಪೂರಾ ಓದಲಿಲ್ಲ. ಕೊನೆಯ ಪುಟದವರೆಗೆ ಬೆರಳು ಆಡಿಸುವುದಕ್ಕೂ ನಿಮಗೆ ಸೋಮಾರಿತನ.

ಆ ದಿನದಿಂದ ಹನ್ನೊಂದನೆಯ ವಾರ, ಮಂಗಳವಾರ ಬೆಳಿಗ್ಗೆ, ನಾನು ಡ್ಯೂಟಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೋಗಿ ನೋಡಿದರೆ ಗುಣವತಿ ಒಲೆಯ ಪಕ್ಕ ಕುಸಿದಿದ್ದಳು, ಅಂಗೈಯಲ್ಲಿ ಜೋಳದ ಹಿಟ್ಟು ಹಾಗೇ ಇತ್ತು. ಹಂಚಿನ ಮೇಲಿನ ರೊಟ್ಟಿ ಕರಿಯಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಂಜುಶ್ರೀ ಇಲ್ಲಿ ಬೆಳೆದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹೆಚ್ಚಾಗಿ ಮರಾಠಿ. ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಕೇಳುತ್ತಿದ್ದಳು: “ಪಪ್ಪಾ, ಮೈಲ್ಡ್ ಇತ್ತಲ್ಲ? ಮಗ ಆಯಿ ಕಶೀ ಗೇಲಿ?” ಹಾಗಾದರೆ ಅವ್ವ ಹೇಗೆ ಹೋದಳು ಎಂದು. ಉತ್ತರ ನಿಮಗೆ ಗೊತ್ತಿದ್ದರೆ ಅವಳಿಗೆ ಬರೆಯಿರಿ.

ನಿಮ್ಮನ್ನು ಕೊಲೆಗಾರ ಅನ್ನುತ್ತಿಲ್ಲ. ಅಷ್ಟು ದೊಡ್ಡ ಹೆಸರಿಗೆ ನೀವು ಯೋಗ್ಯರಲ್ಲ. ಹೃದಯ ಅಷ್ಟು ಕೆಟ್ಟ ಮೇಲೆ ಗುಳಿಗೆ ಕೊಟ್ಟಿದ್ದರೂ ಗುಣವತಿ ಉಳಿಯುತ್ತಿದ್ದಳೆಂದು ಹೇಳಲಾಗದು ಎಂದು ಡಾ. ಶ್ರೀನಿಧಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೆ ಮಗಳ ಮಾತು ಬೇರೆ. ಅವಳ ಹೃದಯ ಇವತ್ತಿಗೆ ಸ್ವಚ್ಛವಾಗಿದೆ. ಅರವತ್ತು ದಿನದ ಗುಳಿಗೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, ಬಸಿರಾದ ಮೇಲೆ ಕೊಡುವಂತಿಲ್ಲ. ಮೊದಲೇ ಕೊಟ್ಟರೆ ನಾಳೆ ಅವಳ ಮಗುವಿಗೆ ಇದು ದಾಟುವ ಭಯವೂ ಬಹುಮಟ್ಟಿಗೆ ಹೋಗುತ್ತದೆ. ಈ ಗುಳಿಗೆ ತಳಿ ನೋಡಿ ಕೊಡುವಂಥದ್ದೇ ಅಲ್ಲ, ಯಾವ ತಳಿಗಾದರೂ ಅದೇ ಗುಳಿಗೆ. ಹಾಗಿದ್ದ ಮೇಲೆ ತಳಿ ಕಟ್ಟಿಕೊಂಡು ನಿಮಗೆ ಏನಾಗಬೇಕಾಗಿದೆ?

ಆದರೂ ನಿಮಗೆ ತಳಿಯೇ ಬೇಕು. ಅವಳು ಸತ್ತ ಆರನೆಯ ವಾರಕ್ಕೆ ನಿಮ್ಮ ಪತ್ರ ಬಂತು. ಸೌಮ್ಯ ತಳಿಯಿಂದ ಸಾವು ಸಂಭವಿಸಿರುವುದು ಅಸಹಜವಾದ್ದರಿಂದ ರೋಗಿಯ ಹೃದಯದ ಮಾದರಿ ಹಾಜರುಪಡಿಸಿ, ನಂತರ ಮಗಳ ಅರ್ಜಿ ಪರಿಶೀಲಿಸಲಾಗುವುದು ಎಂದು. ಅಂದರೆ ನಿಮ್ಮ ಲೆಕ್ಕ ತಪ್ಪಲಿಲ್ಲ, ಸತ್ತವಳು ತಪ್ಪು ಮಾಡಿದಳು. ಬದುಕಿದ್ದಾಗ ಒಂಬತ್ತು ದಿನ ಅವಳು ತನ್ನ ಹೃದಯವನ್ನು ಎದೆಯಲ್ಲೇ ಇಟ್ಟುಕೊಂಡು ನಿಮ್ಮ ಬಾಗಿಲಿಗೆ ಬಂದಿದ್ದಳು, ಆಗ ಅದು ಬೇಡವಾಗಿತ್ತು. ಹೆಂಡತಿಯ ಅಂತ್ಯಸಂಸ್ಕಾರ ಆಗಿದೆ ಎಂದು ಎರಡು ಸಾಲು ಬರೆದೆ. ಅದಕ್ಕೆ ಬಂದ ಉತ್ತರವೇ ಈ ದಹನದ ಪತ್ರ.

ನಿಮ್ಮ ಗುಮಾಸ್ತ ಬರೆದಿರಬಹುದು, ಹಳೆಯ ನಮೂನೆ ನೋಡಿ ಇಳಿಸಿರಬಹುದು. ಬೇರೆ ಯಾರಾದರೂ ಸಹಿ ಮಾಡಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ನೀವು? ನಿಮ್ಮ ಅಪ್ಪನನ್ನು ಸುಟ್ಟಿರಾ? ನಿಮ್ಮ ಅಜ್ಜಿಯನ್ನು? ನಮ್ಮವರು ಹೇಗೆ ಹೋಗುತ್ತಾರೆಂದು ನಿಮಗೆ ಗೊತ್ತಿಲ್ಲವೆ? ಗುಣವತಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಅವಳ ಲಿಂಗ ಇಟ್ಟು, ನಾಶಿಕದ ನಮ್ಮ ಸಮಾಜದ ರುದ್ರಭೂಮಿಯಲ್ಲಿ ಸಮಾಧಿ ಮಾಡಿದೆವು. ನಾನೇ ಕೆಳಗಿಳಿದು ಬೆನ್ನಿಗೆ ಮಣ್ಣು ಒತ್ತಿದೆ, ವಾಲಬಾರದೆಂದು. ನಾಳೆ ನಿಮ್ಮ ಮಕ್ಕಳೂ ನಿಮಗೆ ಹೀಗೇ ಮಾಡುತ್ತಾರೆ. ಆಗ ಯಾವನಾದರೂ ನಿಮ್ಮನ್ನು ಸುಟ್ಟರೆಂದು ಬರೆದು, ಆ ನೆಪದಲ್ಲಿ ನಿಮ್ಮ ಮಗಳ ಗುಳಿಗೆ ನಿಲ್ಲಿಸಲಿ ಎಂದು ನನ್ನ ಹೊಟ್ಟೆಯೊಳಗಿನಿಂದ ಹಾರೈಕೆ ಬರುತ್ತದೆ. ಅದನ್ನು ತಡೆಹಿಡಿಯುವವಳು ಗುಣವತಿ. ತಿಗಣೆಗೂ ಜೀವ ಇದೆ ಅಂದವಳು, ನಿಮಗೂ ಇದೆ ಅನ್ನುತ್ತಿದ್ದಳೋ ಏನೋ.

ನನ್ನ ಬೇಡಿಕೆ ಒಂದೇ. ಮಗಳ ಅರ್ಜಿಯ ದಾರ ಬಿಚ್ಚಿ. ತಳಿ ಕೇಳಬೇಡಿ, ತಾಯಿಯನ್ನು ಕೇಳಬೇಡಿ. ಶಿಫಾರಸಿಗೆ ಸಹಿ ಮಾಡಿ, ಮಂಜುಶ್ರೀಯ ಹೃದಯ ಸ್ವಚ್ಛವಾಗಿರುವ ಈ ತಿಂಗಳಲ್ಲೇ.

ಅದಾಗದಿದ್ದರೆ, ಮಾದರಿ ಬೇಕೇ ಬೇಕೆಂದಾದರೆ, ಆರರ ಬಸ್ಸು ಹಿಡಿದು ಈಗ ನೀವು ಬನ್ನಿ. ಗುದ್ದಲಿ ನಾನು ಕೊಡುತ್ತೇನೆ, ಅಗೆಯುವುದು ನೀವು. ಬಹಳ ಆಳ ಅಗೆಯಬೇಕಾಗಿಲ್ಲ, ಬೇಗ ಸಿಗುತ್ತಾಳೆ. ನಮ್ಮವರನ್ನು ಮಲಗಿಸುವುದಿಲ್ಲ, ನಿಮಗೆ ಗೊತ್ತಲ್ಲ. ನಿಮ್ಮ ಬಾಗಿಲ ಹೊರಗೆ ಬೆಂಚಿನ ಮೇಲೆ ಹೇಗೆ ಕೂತಿದ್ದಳೋ ಹಾಗೆಯೇ ಕೂತಿದ್ದಾಳೆ. ಮಹಿಬೂಬ ಕುಂದರ್ರಿ ಅಕ್ಕಾ ಅಂದದ್ದನ್ನು ಇನ್ನೂ ಪಾಲಿಸುತ್ತಿದ್ದಾಳೆ.

ಇಂತಿ,
ನಿಮ್ಮ ಕಡತದಲ್ಲಿ ಬೂದಿಯಾದವಳ ಗಂಡ,
ಅವಳ ಮಗಳಿಗೆ ಇನ್ನೂ ಉತ್ತರ ಹೇಳಲಾಗದ ತಂದೆ,
ರಾಚಪ್ಪ
ನಾಶಿಕ